ಎದುರಿಗಿದ್ದವಳಿಗೆ ಗೈರುಹಾಜರಿ

ಡೊಂಬಿವಲಿ ಪೂರ್ವ
9 ಜುಲೈ 2025

ಅಕ್ಕ,

ಎದುರಿಗೆ ಕುಳಿತ ಮಗುವಿಗೆ ಗೈರುಹಾಜರಿ ಹಾಕುವುದು ತಪ್ಪು. ಇದನ್ನು ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಾನು ವಿಷಯಕ್ಕೆ ಬರುವ ಮೊದಲೇ ನಿನ್ನ ಕುಕ್ಕರ್ ಕೂಗುತ್ತದೆ, ಇಲ್ಲವೇ ನಾನು ಕೂಗುತ್ತೇನೆ, ನೀನು ಇಟ್ಟುಬಿಡುತ್ತೀ. ಕಾಗದವನ್ನು ಕೂತು ಓದುತ್ತೀ ಎಂಬ ನಂಬಿಕೆ.

ಭಾನುವಾರ ಕೋಪರಿಗೆ ಬಂದಾಗ ಸೋನಾಲಿಯ ಶಾಲೆಯ ಡೈರಿ ತೆರೆದು ನೋಡಿದೆ. ಹೆಸರು ಕರೆದಾಗ ಅವಳು ‘ಪ್ರೆಸೆಂಟ್ ಮಿಸ್’ ಎನ್ನುವುದಿಲ್ಲ, ಆದ್ದರಿಂದ ಹನ್ನೊಂದು ದಿನ ಗೈರು ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಕೆಳಗೆ ನಿನ್ನ ಸಹಿ ಇದೆ. ಅಕ್ಕ, ನೀನು ಅದಕ್ಕೆ ಹೇಗೆ ಸಹಿ ಹಾಕಿದೆ? ಏಳು ವರ್ಷದ ಹುಡುಗಿ ಮಳೆಯಲ್ಲಿ ನೆನೆದು ಶಾಲೆಗೆ ಹೋಗಿ ಎರಡನೇ ಬೆಂಚಿನಲ್ಲಿ ಕೂತಿದ್ದಾಳೆ. ಟೀಚರಿಗೆ ಅವಳ ಮುಖ ಕಾಣುತ್ತದೆ. ಆದರೂ ಅವಳು ಬಂದೇ ಇಲ್ಲ ಎಂದು ಬರೆಯುತ್ತಾರೆ.

ಇದರ ಕಾರಣ ನನಗೆ ಗೊತ್ತು. ಮನೆಯಲ್ಲಿ ಅವಳು ತುಳುವಿನಲ್ಲಿ ಅಷ್ಟು ಮಾತಾಡುತ್ತಾಳೆ, ಅವಳ ಅಜ್ಜಿ ಟಿ.ವಿ. ದೊಡ್ಡದು ಮಾಡಬೇಕಾಗುತ್ತದೆ. ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ. ಅವಳದ್ದು ಒಂದೂ ಇಲ್ಲ. ಮಗುವಿನ ಭಾಷೆಯನ್ನು ಗೇಟಿನ ಹೊರಗೆ ಬಿಟ್ಟು ಒಳಗೆ ಬಾ ಎಂದರೆ ಅದು ನಾಲಿಗೆಯನ್ನೂ ಹೊರಗೇ ಬಿಟ್ಟು ಹೋಗುತ್ತದೆ. ತಾಯ್ನುಡಿ ಶಿಕ್ಷಣದ ಬಗ್ಗೆ ನಮ್ಮ ಪ್ರೆಸ್ಸಿನಲ್ಲೇ ಮೂರು ಕರಪತ್ರ ಅಚ್ಚಾಗಿವೆ, ಮೂರನ್ನೂ ನಾನೇ ಟೈಪ್ ಮಾಡಿದ್ದೇನೆ. ಸಿದ್ರಾಮಣ್ಣ ಬೈಯುತ್ತಾರೆ, “ಏನವ್ವಾ, ಟೈಪ್ ಮಾಡು ಅಂದ್ರ ಓದ್ಕೋತ ಕುಂದರ್ತೀಯಲ್ಲ.” ಓದದೆ ಟೈಪ್ ಮಾಡುವುದಾದರೆ ಮನುಷ್ಯರು ಯಾಕೆ ಬೇಕು?

ಹೆಡ್‌ಮಿಸ್ಟ್ರೆಸ್‌ಗೆ ಎರಡು ಪುಟದ ಪತ್ರ ತಯಾರಿದೆ. ನಿನ್ನ ಮತ್ತು ಭಾವನ ಸಹಿ ಬೇಕು. ಇನ್ನೊಂದು ವಿಷಯ: ಆಗಸ್ಟ್ 17ಕ್ಕೆ ಇಲ್ಲಿಯ ಕನ್ನಡ ಸಂಘದಲ್ಲಿ ಮಕ್ಕಳ ಕಾರ್ಯಕ್ರಮವಿದೆ. ಸೋನಾಲಿ ನಮ್ಮ ಜನರ ಎದುರು ತುಳುವಿನಲ್ಲೇ ಐದು ವಾಕ್ಯ ಮಾತಾಡಲಿ. ಒಮ್ಮೆ ಗಂಟಲು ಬಿಚ್ಚಿದರೆ ಮತ್ತೆ ಯಾರೂ ಮುಚ್ಚಲಾರರು.

ರಮಿತಾ


ಕೋಪರಿ, ಥಾಣೆ ಪೂರ್ವ
18 ಜುಲೈ 2025

ರಮಿತಾ,

ನಿನ್ನ ಕಾಗದ ಸೊಸೈಟಿಯ ಲೆಟರ್ ಬಾಕ್ಸಿನಲ್ಲಿ ಬ್ಯಾಂಕಿನ ಲಕೋಟೆಗಳ ನಡುವೆ ಎರಡು ದಿನ ಬಿದ್ದಿತ್ತು. ಈ ಕಾಲದಲ್ಲಿ ಯಾರು ಕಾಗದ ಹಾಕುತ್ತಾರೆ ಎಂದು ವಾಚ್‌ಮನ್‌ಗೂ ಆಶ್ಚರ್ಯ. ಆದರೂ ಬರೆಯುವುದು ಒಳ್ಳೆಯದೇ. ಮಾತಾಡುವಾಗ ಇಲ್ಲಿ ಯಾವಾಗಲೂ ಯಾರಾದರೂ ಇರುತ್ತಾರೆ.

ಶಾಲೆಗೆ ಪತ್ರ ಕೊಡಬೇಡ. ಡೈರಿಗೆ ಸಹಿ ಹಾಕದೆ ಏನು ಮಾಡಲಿ? ಟೀಚರನ್ನು ಕಂಡು ಬಂದಿದ್ದೇನೆ. ಕೆಟ್ಟವರಲ್ಲ, ಐವತ್ತೆರಡು ಮಕ್ಕಳು ಅವರಿಗೆ. “ಘರೀ ಮರಾಠೀ ಬೋಲಾ” ಎಂದರು. ಮನೆಯಲ್ಲಿ ಒಂದು, ಹೊರಗೆ ಇನ್ನೊಂದು ಆದರೆ ಮಗುವಿನ ತಲೆ ಗೊಂದಲವಾಗುತ್ತದಂತೆ. ಎಂಟು ದಿನ ನಾನು ಅವಳ ಹತ್ತಿರ ಮರಾಠಿಯಲ್ಲೇ ಮಾತಾಡಿದೆ. ಒಂಬತ್ತನೆಯ ದಿನ ಅವಳು ತುಳುವಿನಲ್ಲಿ ಕೇಳಿದಳು, ಅಮ್ಮಾ ನಿನಗೆ ನನ್ನ ಮೇಲೆ ಕೋಪವಾ ಅಂತ. ಅಲ್ಲಿಗೆ ಬಿಟ್ಟೆ.

ಅತ್ತೆಯ ಲೆಕ್ಕ ಬೇರೆ. ಊರಿನ ದೇವಸ್ಥಾನಕ್ಕೆ ಬೆಳ್ಳಿಯ ನಾಲಿಗೆ ಒಪ್ಪಿಸುತ್ತೇನೆಂದು ಹರಕೆ ಹೊತ್ತಿದ್ದಾರೆ. “ಮಾತು ಬರುದಿಲ್ಲ ಅಂತಲ್ಲ ಮಾರಾಯ್ತಿ, ಅದಕ್ಕೆ ಮಾತು ಬೇಡ. ನನ್ನ ಯಶ್ವಂತನೂ ಸಣ್ಣದಿರುವಾಗ ಹಾಗೇ ಇದ್ದ” ಎನ್ನುತ್ತಾರೆ. ಇವರು ಮಾಜಿವಾಡಾದ ಹೋಟೆಲಿನಿಂದ ಬರುವಾಗ ಹತ್ತು ಗಂಟೆ. ಕೇಳಿದರೆ, ದೊಡ್ಡವಳಾದ ಮೇಲೆ ಸರಿಹೋಗುತ್ತಾಳೆ, ನಾಲ್ಕು ಜನರ ಬಾಯಿಗೆ ಹಾಕಬೇಡಿ ಎನ್ನುತ್ತಾರೆ.

ಭಾನುವಾರ ಸಂಜೆ ಹೊಟ್ಟೆನೋವು ಅನ್ನುತ್ತಾಳೆ. ಸೋಮವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಇರುವುದಿಲ್ಲ. ಡಾಕ್ಟರಿಗೆ ತೋರಿಸಿದೆ. ಏನಿಲ್ಲ ಎಂದರು.

ನಿನ್ನ ಐದು ವಾಕ್ಯ ಹೇಳಿದೆ ಅವಳಿಗೆ. ಸೋಫಾದ ಮೇಲೆ ನಿಂತು ಒಂದೇ ದಿನದಲ್ಲಿ ಬಾಯಿಪಾಠ ಮಾಡಿದಳು. ಚಿಕ್ಕಿ ಪಕ್ಕದಲ್ಲಿ ನಿಲ್ಲುತ್ತಾಳಾ ಎಂದು ನಾಲ್ಕು ಸಲ ಕೇಳಿದಳು. ನಿಲ್ಲುತ್ತೀಯಲ್ಲ?

ದಮಯಂತಿ


ಡೊಂಬಿವಲಿ ಪೂರ್ವ
25 ಜುಲೈ 2025

ಅಕ್ಕ,

ನಿಲ್ಲದೆ ಮತ್ತೆ? ಕೈ ಹಿಡಿದುಕೊಂಡೇ ನಿಲ್ಲುತ್ತೇನೆ.

ಸೋಮವಾರ ಮಧ್ಯಾಹ್ನ ಗುಣವಾಗುವ ಹೊಟ್ಟೆನೋವಿಗೆ ಡಾಕ್ಟರೇ ಬೇಕಿಲ್ಲ, ಅದರ ಹೆಸರು ಶಾಲೆ. ನಿನ್ನ ಅತ್ತೆಯ ಬೆಳ್ಳಿಯ ನಾಲಿಗೆ ಕೇಳಿ ನಗು ಬಂತು. ದೇವರಿಗೆ ಅಷ್ಟೊಂದು ನಾಲಿಗೆ ಯಾಕೆ? ಅವನೂ ಯಾವತ್ತೂ ಮಾತಾಡಿದ್ದು ಕಾಣೆ. ಪುಷ್ಪಾವತಿ ಅತ್ತೆಗೆ ಇದನ್ನು ಓದಿ ಹೇಳಬೇಡ.

ಶಾಲೆಗೆ ಪತ್ರ ಕೊಡುವುದನ್ನು ನಿನ್ನ ಮಾತಿಗೆ ತಡೆದಿದ್ದೇನೆ, ಬಿಟ್ಟಿಲ್ಲ.

ನಿನ್ನೆ ಸಂಜೆ ಸೋನಾಲಿ ಫೋನಿನಲ್ಲಿ ನಲವತ್ತು ನಿಮಿಷ ಮಾತಾಡಿದಳು. ಲಿಫ್ಟಿನಲ್ಲಿ ಸಿಕ್ಕಿದ ನಾಯಿ, ಬಾತ್‌ರೂಮಿನ ಹಲ್ಲಿ, ಹಲ್ಲಿಗೆ ಮದುವೆಯಾಗಿದೆಯೋ ಇಲ್ಲವೋ. ಅಮ್ಮ ತೀರಿಹೋಗಿ ನಾನು ಕಲ್ಯಾಣದ ಮನೆ ಬಿಟ್ಟ ಮೇಲೆ ನನ್ನೊಡನೆ ಇಷ್ಟು ಹೊತ್ತು ತುಳು ಮಾತಾಡುವವಳು ಅವಳೊಬ್ಬಳೇ. ಪಿ.ಜಿ.ಯಲ್ಲಿ ಮೂವರಿದ್ದೇವೆ, ಮೂವರ ಕಿವಿಯಲ್ಲೂ ಇಯರ್‌ಫೋನ್. ದುಃಖದಿಂದ ಬರೆದದ್ದಲ್ಲ, ಸುಮ್ಮನೆ ಸಂಗತಿ.

ಅವಳಿಗೆ ನೀಲಿ ಫ್ರಾಕ್ ಹಾಕು. ನಾನು ಮುಂದಿನ ಸಾಲಿನವರಿಗೆಲ್ಲ ಹೇಳಿಟ್ಟಿದ್ದೇನೆ, ಜೋರಾಗಿ ಚಪ್ಪಾಳೆ ಹೊಡೆಯಬೇಕು ಎಂದು.

ರಮಿತಾ


ಕೋಪರಿ
18 ಆಗಸ್ಟ್ 2025

ರಮಿತಾ,

ನಾನು ಹಿಂದಿನ ಸಾಲಿನಲ್ಲಿ ಅತ್ತೆಯ ಪಕ್ಕ ಕೂತಿದ್ದೆ. ಹೆಸರು ಕರೆದಾಗಿನಿಂದ ಅವಳು ಕಣ್ಣು ಪಿಳುಕಿಸಲಿಲ್ಲ. ನಿನಗೆ ಕಾಣಲಿಲ್ಲವಾ? ನೀನು ಜನರನ್ನು ನೋಡುತ್ತಿದ್ದೆ. ಯಾರೋ “ಜೋರಾಗಿ ಪುಟ್ಟಾ” ಅಂದರು, ಎಲ್ಲರೂ ಚಪ್ಪಾಳೆ ತಟ್ಟಿದರು, ನಿಲ್ಲಿಸಲೇ ಇಲ್ಲ. ನೀನು ಬಗ್ಗಿ ಅವಳ ಕಿವಿಯಲ್ಲಿ ಏನೋ ಸಮಾಧಾನ ಹೇಳಿದೆ. ಆಮೇಲೆ ಅವಳ ಸಾಕ್ಸ್ ಒದ್ದೆಯಾಯಿತು. ಮೈಕಿನ ಎದುರೇ ಆಯಿತು, ನಮ್ಮ ಜನರೆಲ್ಲ ನೋಡಿದರು. ಅವಳು ಅಳಲೂ ಇಲ್ಲ.

ಇವತ್ತು ಜ್ವರ. ನನ್ನೊಬ್ಬಳ ಹತ್ತಿರ ಮಾತ್ರ ಮಾತಾಡುತ್ತಾಳೆ, ಅದೂ ಕಿವಿಯಲ್ಲಿ.

ಇವರು ಯಾವತ್ತೂ ಧ್ವನಿ ಏರಿಸಿದವರಲ್ಲ. ನಿನ್ನೆ ಏರಿಸಿದರು. ನೀನು ಸ್ವಲ್ಪ ಕಾಲ ಬರಬೇಡ. ಫೋನ್ ಮಾಡಬೇಡ, ನಂಬರ್ ಬ್ಲಾಕ್ ಮಾಡಿದ್ದೇವೆ. ನಿನ್ನ ಚಳವಳಿಗೆ ಬೇರೆ ಮಕ್ಕಳು ಸಿಗುತ್ತಾರೆ.

ದಮಯಂತಿ


ಡೊಂಬಿವಲಿ ಪೂರ್ವ
1 ಸೆಪ್ಟೆಂಬರ್ 2025

ಅಕ್ಕ,

ಮೈಕು ಬೇಡವೆಂದು ಮೊದಲೇ ಹೇಳಿದ್ದೆ. ಅವಳ ಸರದಿಯನ್ನು ನಲವತ್ತು ನಿಮಿಷ ತಡಮಾಡಿದರು, ಭಾಷಣದವರು ಇಳಿಯಲೇ ಇಲ್ಲ. ಸಂಘದ ಕಾರ್ಯದರ್ಶಿಗೆ ಖಂಡನೆಯ ಪತ್ರ ಬರೆದಿದ್ದೇನೆ. ಮಕ್ಕಳ ಕಾರ್ಯಕ್ರಮ ಎನ್ನುತ್ತಾರೆ, ದೊಡ್ಡವರಿಗೆ ಶಾಲು ಹೊದಿಸುತ್ತಾರೆ.

ಇದನ್ನು ಬರೆದು ನಾಲ್ಕು ದಿನ ಇಟ್ಟುಕೊಂಡಿದ್ದೆ. ಓದಿದರೆ ಎಲ್ಲ ಸಾಲೂ ಬೇರೆಯವರ ಮೇಲೆ ಇದೆ.

ಚೌತಿಗೆ ನೀವು ಕರೆಯಲಿಲ್ಲ. ಕರೆಯುವುದಿಲ್ಲವೆಂದು ಗೊತ್ತಿತ್ತು, ಆದರೂ ಪ್ರೆಸ್ಸಿಗೆ ರಜೆ ಹಾಕಿದ್ದೆ. ಥಾಣೆಯವರೆಗೆ ಬಂದು ಕೋಪರಿಯ ಕಡೆಯ ಮೆಟ್ಟಿಲಿಳಿದೆ. ನಿಮ್ಮ ಬಿಲ್ಡಿಂಗಿನ ಎದುರು ಹೂವಿನವಳ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಮೂರನೇ ಮಹಡಿಯಲ್ಲಿ ದೀಪದ ಸರ ಹಾಕಿದ್ದಿರಿ. ಹಿಂದಕ್ಕೆ ಹೋದೆ.

ಜ್ವರ ಬಿಟ್ಟಿತೇ? ಒಂದು ಸಾಲು ಬರೆ.

ರಮಿತಾ


ಡೊಂಬಿವಲಿ ಪೂರ್ವ
24 ಸೆಪ್ಟೆಂಬರ್ 2025

ಅಕ್ಕ,

ನೀನು ಉತ್ತರಿಸಲಿಲ್ಲ. ಆದರೂ ಇದನ್ನು ನಿನಗೆ ಹೇಳಲೇಬೇಕು.

ಕಲ್ಯಾಣದ ಕೆಲವು ಡಾಕ್ಟರುಗಳು ಸೇರಿ ತಂದೆತಾಯಂದಿರಿಗೆಂದು ಮರಾಠಿಯಲ್ಲಿ ಒಂದು ಕರಪತ್ರ ಅಚ್ಚು ಹಾಕಿಸುತ್ತಿದ್ದಾರೆ. ಮಕ್ಕಳ ಆತಂಕದ ಬಗ್ಗೆ. ಟೈಪ್ ಮಾಡಲು ನನಗೇ ಬಂತು. ಎರಡನೇ ಪುಟದಲ್ಲಿ ಕೈ ನಿಂತಿತು. ಕೆಲವು ಮಕ್ಕಳು ಮನೆಯಲ್ಲಿ ಚೆನ್ನಾಗಿ ಮಾತಾಡುತ್ತವೆ, ಶಾಲೆಯಲ್ಲಿ ತಿಂಗಳುಗಟ್ಟಲೆ ಒಂದು ಶಬ್ದವೂ ಆಡುವುದಿಲ್ಲ. ಅದು ಹಟವಲ್ಲ, ಭಯ. ಮಾತಾಡಬೇಕು ಎಂದು ಆ ಮಗುವಿಗೂ ಆಸೆಯಿರುತ್ತದೆ, ಗಂಟಲು ಬಿಡುವುದಿಲ್ಲ. ಮುಖ ಮರಗಟ್ಟುತ್ತದೆ. ಶಾಲೆಯ ಹಿಂದಿನ ದಿನ ಹೊಟ್ಟೆನೋವು. ಬಾತ್‌ರೂಮಿಗೆ ಹೋಗಬೇಕೆಂದು ಕೇಳಲಾಗದೆ ನೀರು ಕುಡಿಯುವುದನ್ನೇ ಬಿಡುತ್ತವೆ. ಬೆದರಿಸಿದರೆ, ಆಸೆ ತೋರಿಸಿದರೆ, ಎಲ್ಲರ ಎದುರು ಮಾತಾಡಿಸಿದರೆ ಹೆಚ್ಚಾಗುತ್ತದೆ. ಬೇಗ ಕರೆದುಕೊಂಡು ಬಂದರೆ ಬೇಗ ಗುಣವಾಗುತ್ತದೆ.

ಭಾಷೆಯೇ ಕಾರಣವಾಗಿದ್ದರೆ, ಅಕ್ಕ, ಅವಳು ನಮ್ಮ ಸಂಘದ ಸಭಾಂಗಣದಲ್ಲಿ, ನಮ್ಮ ಜನರ ನಡುವೆ ಮಾತಾಡಬೇಕಿತ್ತು. ಮಾತಾಡಲಿಲ್ಲ. ಆ ದಿನವೇ ನನಗೆ ಇಷ್ಟು ತಿಳಿಯಬೇಕಿತ್ತು. ತಿಳಿಯುವುದು ನನಗೆ ಬೇಕಿರಲಿಲ್ಲ, ನನ್ನ ಹತ್ತಿರ ಉತ್ತರ ಮೊದಲೇ ಇತ್ತು. ಶಾಲೆ ಮಾಡಿದ್ದು ತಪ್ಪೇ, ಈಗಲೂ ಹೇಳುತ್ತೇನೆ. ಆದರೆ ನಿನ್ನ ಅತ್ತೆ ಹರಕೆ ಹೊತ್ತರು, ನಾನು ಮಗುವನ್ನೇ ಹೊತ್ತು ವೇದಿಕೆಗೆ ಹಾಕಿದೆ. ಅವರನ್ನು ನೋಡಿ ನಗುವ ಹಕ್ಕು ನನಗಿರಲಿಲ್ಲ.

ಇನ್ನೊಂದು. ನಾನು ಅವಳ ಕಿವಿಯಲ್ಲಿ ಹೇಳಿದ್ದು ಸಮಾಧಾನವಲ್ಲ. ಜನ ನೋಡುತ್ತಿದ್ದರು, ನನಗೆ ನಾಚಿಕೆಯಾಗುತ್ತಿತ್ತು. “ಈಗ ಮಾತಾಡದಿದ್ದರೆ ಚಿಕ್ಕಿ ಇನ್ನು ಯಾವತ್ತೂ ನಿಮ್ಮ ಮನೆಗೆ ಬರುವುದಿಲ್ಲ” ಎಂದೆ. ಅವಳು ನನ್ನ ಕೈ ಇನ್ನೂ ಗಟ್ಟಿಯಾಗಿ ಹಿಡಿದಳು.

ಯಾರಿಗೂ ಹೇಳಿರಲಿಲ್ಲ. ಹೇಳಲು ಇಲ್ಲಿ ಯಾರೂ ಇಲ್ಲ ಅನ್ನುವುದು ಬೇರೆ ಮಾತು.

ಕರಪತ್ರದ ಪ್ರೂಫ್ ಜೊತೆಗಿಟ್ಟಿದ್ದೇನೆ. ನನ್ನನ್ನು ಕ್ಷಮಿಸುವುದು ಬೇಡ. ಅವಳನ್ನು ತೋರಿಸು.

ರಮಿತಾ


ಕೋಪರಿ
30 ಅಕ್ಟೋಬರ್ 2025

ರಮಿತಾ,

ನಿನ್ನ ಕಾಗದವನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟು ಹದಿನೈದು ಸಲ ಓದಿದೆ. ಮೊದಲ ಎರಡು ಸಲ ಹರಿಯಬೇಕೆನಿಸಿತು. ಮೂರನೆಯ ಸಲ ನನಗೇ ಹೆದರಿಕೆಯಾಯಿತು. ಯಾಕೆಂದು ಹೇಳುತ್ತೇನೆ.

ಆಗಸ್ಟಿನಿಂದ ಪ್ರತಿ ಭಾನುವಾರ ಅವಳು ಒಂದೇ ಮಾತು ಕೇಳುತ್ತಿದ್ದಳು, ಚಿಕ್ಕಿ ಬರುವುದಿಲ್ಲವಾ? ಇಲ್ಲ ಎನ್ನುತ್ತಿದ್ದೆ. ಯಾಕೆ ಎಂದು ಅವಳು ಯಾವತ್ತೂ ಕೇಳಲಿಲ್ಲ. ಹೌದಲ್ಲ ಎನ್ನುವ ಹಾಗೆ ತಲೆ ಬಗ್ಗಿಸಿ ಹೋಗುತ್ತಿದ್ದಳು. ನೆನಪು ಮಾಡುತ್ತಾಳೆ, ಮರೆಯುತ್ತಾಳೆ ಎಂದುಕೊಂಡೆ. ನೀನು ಹೇಳಿದ್ದನ್ನು ನಾನು ನಿಜ ಮಾಡಿ ತೋರಿಸುತ್ತಿದ್ದೆ, ವಾರ ವಾರ. ಒಬ್ಬಳು ಹೆದರಿಸಿದಳು, ಇನ್ನೊಬ್ಬಳು ನಡೆಸಿಕೊಟ್ಟಳು.

ನಾನೂ ಮುಚ್ಚಿಟ್ಟದ್ದಿದೆ. ಡಾಕ್ಟರ್ ಏನಿಲ್ಲ ಎಂದರು ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಜೂನಿನಲ್ಲೇ ನಮ್ಮ ಮಕ್ಕಳ ಡಾಕ್ಟರ್ ಎಲ್ಲ ಕೇಳಿ ಒಂದು ಚೀಟಿ ಬರೆದುಕೊಟ್ಟಿದ್ದರು, ಮಕ್ಕಳ ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದು. ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡೆ. ಕೋಪರಿಯಲ್ಲಿ ನಮ್ಮವರು ಎಷ್ಟು ಮನೆ ಇದ್ದಾರೆ ನಿನಗೆ ಗೊತ್ತು. ಹುಡುಗಿಗೆ ತಲೆ ಸರಿಯಿಲ್ಲ ಎಂದು ಒಬ್ಬರು ಅಂದರೆ ಊರಿಗೂ ಮುಟ್ಟುತ್ತದೆ. ಮತ್ತೆ ನೀರಿನ ಬಾಟಲಿ. ಶಾಲೆ ಶುರುವಾದ ದಿನದಿಂದ ತುಂಬಿಸಿ ಕಳಿಸಿದ ಬಾಟಲಿ ತುಂಬಿಯೇ ಬರುತ್ತಿತ್ತು. ದಿನಾ ಅದನ್ನು ತುಳಸಿಗೆ ಹಾಕಿ ಯಾರಿಗೂ ಹೇಳದೆ ತೊಳೆದಿಡುತ್ತಿದ್ದೆ. ತಾಯಿಗೆ ಗೊತ್ತಾಗಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡ. ಗೊತ್ತಿತ್ತು.

ಸೆಪ್ಟೆಂಬರಿನಲ್ಲಿ ಮೂತ್ರದ ಸೋಂಕಾಗಿ ಮತ್ತೆ ಜ್ವರ ಬಂತು. ಡಾಕ್ಟರ್ ಚೀಟಿಯ ಬಗ್ಗೆ ಕೇಳಿದರು. ಅದು ಇನ್ನೂ ಪರ್ಸಿನಲ್ಲೇ ಇತ್ತು. ಅದೇ ವಾರ ನಿನ್ನ ಕಾಗದ ಬಂತು. ಶಾಲೆಯಿಂದಲೂ ನೋಟೀಸು: ದೀಪಾವಳಿ ರಜೆ ಮುಗಿಯುವಾಗ ಡಾಕ್ಟರ ಪತ್ರ ತನ್ನಿ, ಇಲ್ಲ ಬೇರೆ ಶಾಲೆ ನೋಡಿಕೊಳ್ಳಿ.

ಒಂದು ಭಾನುವಾರ ಬೆಳಿಗ್ಗೆ ಚೀಟಿ, ಕರಪತ್ರ, ನೋಟೀಸು ಮೂರನ್ನೂ ಇವರ ಚಹಾದ ಪಕ್ಕ ಇಟ್ಟೆ. ಅವಳು ಅಡುಗೆಮನೆಯಲ್ಲಿ ಹಲ್ಲಿಯ ಜೊತೆ ಮಾತಾಡುವುದನ್ನು ಕದ್ದು ವೀಡಿಯೋ ಮಾಡಿದ್ದೆ, ಅದನ್ನೂ ತೋರಿಸಿದೆ. ಎರಡು ಸಲ ನೋಡಿದರು. ಮರಾಠಿ ಕರಪತ್ರವನ್ನು ಬೆರಳಿಟ್ಟು ಓದಿದರು. ಆಮೇಲೆ ಹೇಳಿದರು, “ಆರನೇ ಕ್ಲಾಸಿನವರೆಗೆ ನಾನು ಶಾಲೆಯಲ್ಲಿ ಒಂದು ದಿನವೂ ಮೂತ್ರಕ್ಕೆ ಹೋಗ್ಲಿಲ್ಲ.” ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನನಗೆ ಇದು ಗೊತ್ತಿರಲಿಲ್ಲ. ಹೋಟೆಲಿನ ಶೆಟ್ರು ಮೂರು ಸಲ ಗಲ್ಲೆಯ ಮೇಲೆ ಗಿರಾಕಿಗಳ ದುಡ್ಡು ತೆಗೆದುಕೊಳ್ಳಲು ಕೂತುಕೋ ಎಂದರೂ ಇವರು ಒಪ್ಪದೆ ಸ್ಟೋರಿನಲ್ಲೇ ಉಳಿದದ್ದಕ್ಕೆ ನಾನು ಎಷ್ಟು ಸಲ ಚುಚ್ಚಿದ್ದೇನೆ. ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. “ನನಗೆ ಯಾಕೆ ಹೇಳ್ಲಿಲ್ಲ ಮಗಾ” ಅಂದರು. ಇವರು ಚಹಾ ಕುಡಿದು ಎದ್ದರು.

ಹದಿನಾರನೇ ತಾರೀಕು ವಾಶಿಗೆ ಕರೆದುಕೊಂಡು ಹೋದೆವು. ಥಾಣೆಯಲ್ಲೂ ಡಾಕ್ಟರಿದ್ದಾರೆ, ಆದರೆ ನಮ್ಮವರು ಯಾರೂ ಕಾಣದ ಹಾಗೆ ಖಾಡಿಯ ನೀರು ದಾಟಿ ಹೋದೆವು. ಅಷ್ಟು ಹೆದರಿಕೆ ನನ್ನಲ್ಲಿ ಇನ್ನೂ ಇದೆ, ನೀನು ಬೈಯುವ ಮೊದಲೇ ಒಪ್ಪುತ್ತೇನೆ. ಡಾಕ್ಟರ್ ಅವಳನ್ನು ಏನೂ ಕೇಳಲಿಲ್ಲ. ನೆಲದ ಮೇಲೆ ಕೂತು ಬಣ್ಣದ ಕಡ್ಡಿ ಇಟ್ಟುಕೊಂಡು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದರು. ಇಪ್ಪತ್ತು ನಿಮಿಷ ಆದ ಮೇಲೆ ಸೋನಾಲಿಯೂ ನೆಲಕ್ಕೆ ಇಳಿದಳು. ಮಾತಾಡಲಿಲ್ಲ. ತಿಂಗಳುಗಳು ಬೇಕು, ಸ್ವಲ್ಪ ಸ್ವಲ್ಪವೇ ಆಗುತ್ತದೆ ಎಂದರು. ಶಾಲೆಗೆ ಪತ್ರ ಕೊಟ್ಟರು: ಹಾಜರಿಗೆ ಕೈ ಎತ್ತಿದರೆ ಸಾಕು, ಬಾತ್‌ರೂಮಿಗೆ ಕೇಳದೆ ಹೋಗಲು ಒಂದು ಕಾರ್ಡ್ ಕೊಡಿ, ಯಾರೂ ಮಾತಾಡಿಸಲು ಒತ್ತಾಯ ಮಾಡಬೇಡಿ. ಟೀಚರಿಗೆ ಅದನ್ನು ಒಯ್ದು ಕೊಟ್ಟೆ. ಓದಿ, ಮೊದಲೇ ಹೇಳಬೇಕಿತ್ತಲ್ಲ ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಈಗ ನಿನ್ನ ವಿಷಯ. ನಾನಲ್ಲದೆ ಇವಳು ಯಾರ ಹತ್ತಿರ ಹೆಚ್ಚು ಮಾತಾಡುತ್ತಿದ್ದಳು ಎಂದು ಡಾಕ್ಟರ್ ಕೇಳಿದರು. ನಾವಿಬ್ಬರೂ ಒಂದೇ ಹೆಸರು ಹೇಳಿದೆವು. ಅವರು ನಿನ್ನನ್ನು ಕರೆದುಕೊಂಡು ಬನ್ನಿ ಎಂದಿದ್ದಾರೆ. ಗೆದ್ದೆ ಎಂದುಕೊಳ್ಳಬೇಡ. ಕೆಲಸವಿದೆ. ನೀನು ಅವಳ ಪಕ್ಕ ಕೂತು ಆಡಬೇಕು. ಪ್ರಶ್ನೆ ಕೇಳಬಾರದು. ಮಾತಾಡು ಎನ್ನಬಾರದು, ಮಾತಾಡಿದರೆ ಶಹಬ್ಬಾಸ್ ಎಂದೂ ಹಾರಬಾರದು. ಕ್ಷಮೆ ಕೇಳಿ ಅತ್ತು ಅವಳನ್ನು ಇನ್ನಷ್ಟು ಹೆದರಿಸಬಾರದು. ಅವಳು ಇಡೀ ಗಂಟೆ ಸುಮ್ಮನಿದ್ದರೂ ನೀನು ಎದ್ದು ಹೋಗಬಾರದು, ಮುಂದಿನ ವಾರವೂ ಬರಬೇಕು. ಬಂದೇ ತೋರಿಸಬೇಕು, ಬಾಯಲ್ಲಿ ಹೇಳಿದರೆ ಅವಳು ನಂಬುವುದಿಲ್ಲ. ಆಗುತ್ತದಾ ನಿನ್ನಿಂದ? ಚಿಕ್ಕಂದಿನಿಂದ ನೀನು ಐದು ನಿಮಿಷ ಬಾಯಿ ಮುಚ್ಚಿದ್ದು ನಾನು ಕಂಡಿಲ್ಲ.

ಚಿಕ್ಕಿಯನ್ನು ಕೇಳಿ ನೋಡುತ್ತೇನೆ ಎಂದು ಅವಳಿಗೆ ಹೇಳಿದ್ದೇನೆ. ಬರುತ್ತಾಳೆ ಎಂದು ಹೇಳಿಲ್ಲ. ಬರುತ್ತೇನೆಂದು ಹೇಳಿ ಬಾರದಿದ್ದರೆ ಅವಳನ್ನು ಹಿಂದೆ ತರಲು ನನ್ನಿಂದಾಗದು. ಅಪಾಯಿಂಟ್‌ಮೆಂಟ್ ನವೆಂಬರ್ 13, ಗುರುವಾರ, ಹನ್ನೊಂದೂವರೆಗೆ. ಇವರಿಗೆ ಅವತ್ತು ವಾರದ ರಜೆ, ಬರುತ್ತಾರೆ. ನಿನ್ನ ಮೇಲೆ ಕೋಪ ಪೂರ್ತಿ ಇಳಿದಿಲ್ಲ, ಆದರೆ ಬರೆ ಎಂದವರು ಇವರೇ. ಫೋನಿನ ಬ್ಲಾಕ್ ತೆಗೆದಿದ್ದೇನೆ. ಆದರೂ ಉತ್ತರ ಕಾಗದದಲ್ಲೇ ಹಾಕು. ಎಲ್ಲಿ, ಎಷ್ಟು ಹೊತ್ತಿಗೆ ಎಂದು ನೀನೇ ಗಟ್ಟಿ ಮಾಡಿ ಬರೆ. ನಾನು ಹೇಳಿಕೊಟ್ಟು ಅವಳಿಗೆ ಈಗ ಕನ್ನಡ ಓದಲು ಬರುತ್ತದೆ. ಆ ಕಾಗದ ಅವಳ ಕೈಗೆ ಕೊಡುತ್ತೇನೆ.

ದಮಯಂತಿ


ಡೊಂಬಿವಲಿ ಪೂರ್ವ
4 ನವೆಂಬರ್ 2025

ಅಕ್ಕ,

ಸಿದ್ರಾಮಣ್ಣನ ಹತ್ತಿರ ಗುರುವಾರಗಳ ರಜೆ ಕೇಳಿದೆ. ಈ ಒಂದಲ್ಲ, ಮಾರ್ಚಿನವರೆಗೆ ಎಲ್ಲ ಗುರುವಾರ. ಭಾನುವಾರ ಬಂದು ಟೈಪ್ ಮಾಡುತ್ತೇನೆ ಎಂದೆ. “ಎಷ್ಟು ದಿನ ಬೇಕವ್ವಾ?” ಎಂದರು. ಗೊತ್ತಿಲ್ಲ ಎಂದೆ. ಇಷ್ಟು ಸಣ್ಣ ಉತ್ತರ ನನ್ನಿಂದ ಅವರು ಕೇಳಿದ್ದು ಇದೇ ಮೊದಲು.

ನನ್ನಿಂದ ಆಗುತ್ತದೋ ಇಲ್ಲವೋ ನಿಜವಾಗಿ ತಿಳಿಯದು. ಈ ಕಾಗದವನ್ನು ಮೂರು ಸಲ ಬರೆದೆ, ಮೊದಲ ಎರಡರಲ್ಲಿ ಭಾಷಣವಿತ್ತು. ಭಾವನಿಗೆ ನನ್ನ ನಮಸ್ಕಾರ ಹೇಳು, ಅತ್ತೆಗೂ.

ಕೆಳಗಿನದನ್ನು ಬೇರೆ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಅದನ್ನು ಅವಳಿಗೆ ಕೊಡು.

ಸೋನಾಲಿ,

ನಾನು ಬರುತ್ತೇನೆ. ಥಾಣೆ ಸ್ಟೇಷನ್‌ನಲ್ಲಿ ವಾಶಿಯ ಗಾಡಿ ನಿಲ್ಲುವ ಪ್ಲಾಟ್‌ಫಾರ್ಮ್, ಮೆಟ್ಟಿಲು ಇಳಿದ ಕೂಡಲೇ ಸಿಗುವ ಮೊದಲ ಬೆಂಚು. ಹಸಿರು ಚೂಡಿದಾರ ಹಾಕಿರುತ್ತೇನೆ. ನೀವು ತಡವಾಗಿ ಬಂದರೂ ಅಲ್ಲೇ ಕೂತಿರುತ್ತೇನೆ.

ಗುರುವಾರ, ನವೆಂಬರ್ 13, ಬೆಳಿಗ್ಗೆ ಹತ್ತು ಗಂಟೆ.

ಚಿಕ್ಕಿ